ಕ್ಯಾಮರಾ ಕೊಳ್ಳುವ ಮೊದಲು ನಾಲ್ಕು ಭಾನುವಾರ

ಕೈಯಲ್ಲಿ ಹಣ ಕೂಡಿದ ದಿನವೇ ಮನಸ್ಸಿಗೆ ಒಪ್ಪಿದ ವಸ್ತುವನ್ನು ತಂದುಬಿಡಬೇಕೆಂಬ ಆತುರವು ಮನುಷ್ಯನಿಗೆ ಸಹಜವಾದುದು. ಆದರೆ ಕ್ಯಾಮರಾದ ವಿಷಯದಲ್ಲಿ ಈ ಆತುರವು ಕೊಂಚ ಹೆಚ್ಚಿನ ದಂಡವನ್ನೇ ತೆರಿಸುತ್ತದೆ. ಏಕೆಂದರೆ ಕ್ಯಾಮರಾ ಎಂಬುದು ಒಂಟಿಯಾಗಿ ಮನೆಗೆ ಬರುವ ವಸ್ತುವಲ್ಲ. ಅದರ ಹಿಂದೆ ಲೆನ್ಸು, ಲೆನ್ಸಿನ ಹಿಂದೆ ಚೀಲ, ಮುಕ್ಕಾಲಿ, ಇನ್ನೊಂದು ಬ್ಯಾಟರಿ, ಕಾರ್ಡು, ಹೀಗೆ ಒಂದು ಸಂಸಾರವೇ ಹಿಂಬಾಲಿಸಿ ಬರುತ್ತದೆ. ಮೊದಲ ಹೆಜ್ಜೆ ತಪ್ಪಿದರೆ ಮಿಕ್ಕ ಹೆಜ್ಜೆಗಳೆಲ್ಲವೂ ಆ ತಪ್ಪಿನ ಜಾಡಿನಲ್ಲಿಯೇ ನಡೆಯುತ್ತವೆ.

ಸಂಕ್ರಾಂತಿ ಕಳೆದ ಮರುದಿನ ನಾಗಮಂಗಲದಿಂದ ನನ್ನ ತಂಗಿಯ ಮಗನು ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದನು. ಓದು ಮುಗಿಸಿ ಈಚೆಗಷ್ಟೆ ಕೆಲಸಕ್ಕೆ ಸೇರಿದ ಹುಡುಗ. ಅವನ ಕೈಯಲ್ಲಿ ಒಂದು ಪಟ್ಟಿಯಿದ್ದಿತು. ವೃತ್ತಿನಿರತರು ಹಿಡಿಯುವಂತಹ ಒಂದು ಕ್ಯಾಮರಾ, ಮೊಳದುದ್ದದ ಒಂದು ಲೆನ್ಸು, ಇವುಗಳ ಹೆಸರೂ ಬೆಲೆಯೂ ಅದರಲ್ಲಿದ್ದವು. ಹಣ ಅವನ ತಾಯಿಯದು. ಮೂರು ವರ್ಷ ತಿಂಗಳು ತಿಂಗಳೂ ಕಟ್ಟಿದ ಚೀಟಿಯನ್ನು ಎತ್ತಿ, ಅಡಿಗೆಮನೆಯ ಹಿಂದಿನ ಗೋಡೆಯ ದುರಸ್ತಿಯನ್ನು ಮುಂದಕ್ಕೆ ಹಾಕಿ, ಮಗನ ಆಸೆಗೆಂದು ಅವಳು ಕೊಟ್ಟಿದ್ದಳು. ಅದು ಸಾಲದಿದ್ದರೆ ಮಿಕ್ಕುದನ್ನು ಕಂತಿನಲ್ಲಿ ತೀರಿಸುವೆನೆಂಬುದು ಹುಡುಗನ ಲೆಕ್ಕ.

"ಒಳ್ಳೆಯದನ್ನೇ ಒಂದು ಸಲ ಕೊಂಡುಬಿಟ್ಟರೆ ಮತ್ತೆ ಕೊಳ್ಳುವ ತಾಪತ್ರಯವಿಲ್ಲ ಅಲ್ಲವೆ, ಮಾವ?" ಎಂದನು.

"ಇದರಿಂದ ಏನನ್ನು ತೆಗೆಯಬೇಕೆಂದಿದ್ದೀಯಪ್ಪ?" ಎಂದು ಕೇಳಿದೆನು.

"ಎಲ್ಲವನ್ನೂ" ಎಂದನು.

ಅವನ ಪಟ್ಟಿಯ ದೋಷವೆಲ್ಲ ಆ ಒಂದು ಮಾತಿನಲ್ಲಿ ಅಡಗಿದ್ದಿತು. ಎಲ್ಲವನ್ನೂ ಸಮನಾಗಿ ತೆಗೆಯಬಲ್ಲ ಕ್ಯಾಮರಾ ಯಾವ ಅಂಗಡಿಯಲ್ಲಿಯೂ ದೊರೆಯದು. ದೂರದ ಹಕ್ಕಿಗೆ ಒಂದು ಲೆನ್ಸು, ದೀಪದ ಬೆಳಕಿನ ಮುಖಕ್ಕೆ ಇನ್ನೊಂದು, ಗುಡಿಯ ಗೋಡೆಗೆ ಮತ್ತೊಂದು. ಆದಕಾರಣ ಕೊಳ್ಳುವವನು ಮೊದಲು ತಿಳಿಯಬೇಕಾದುದು ಕ್ಯಾಮರಾಗಳ ಗುಣವನ್ನಲ್ಲ, ತನ್ನ ಕಣ್ಣಿನ ಒಲವನ್ನು. "ನಾಲ್ಕು ಭಾನುವಾರ ನನ್ನ ಜೊತೆಯಲ್ಲಿ ತಿರುಗು. ನನ್ನ ಹಳೆಯ ಕ್ಯಾಮರಾ ನಿನ್ನ ಕೈಯಲ್ಲಿರಲಿ. ಆಮೇಲೆ ನಿನ್ನ ಇಷ್ಟದಂತೆ ಕೊಳ್ಳು" ಎಂದೆನು. ಅವನು ಅರೆಮನಸ್ಸಿನಿಂದ ಒಪ್ಪಿದನು.

ಹೊರಡುವ ಮುನ್ನ ಈ ಯಂತ್ರದ ಎರಡು ಅಂಗಗಳನ್ನು ವಾಚಕರು ಅರಿತಿದ್ದರೆ ಮುಂದಿನ ಮಾತು ಸುಲಭವಾಗುವುದು. ಮೊದಲನೆಯದು ಕ್ಯಾಮರಾದ ಒಡಲು; ಅಂಗಡಿಯವರು ಅದನ್ನು ಬಾಡಿ ಎನ್ನುವರು. ಹಿಂದೆ ಫಿಲ್ಮು ಇರುತ್ತಿದ್ದ ಸ್ಥಳದಲ್ಲಿ ಈಗ ಸೆನ್ಸರ್ ಎಂಬ ಬಿಂಬಫಲಕವಿರುವುದು. ಫುಲ್ ಫ್ರೇಮ್ ಎನ್ನುವ ದೊಡ್ಡ ಫಲಕದ ಅಳತೆ ೩೬ಕ್ಕೆ ೨೪ ಮಿಲಿಮೀಟರು. ಎ.ಪಿ.ಎಸ್.ಸಿ. ಎಂಬ ನಡುವಣ ಫಲಕ ಸುಮಾರು ೨೩.೫ಕ್ಕೆ ೧೫.೬. ಮೊಬೈಲಿನ ಫಲಕವಾದರೊ ಸಾಮಾನ್ಯವಾಗಿ ಕಿರುಬೆರಳಿನ ಉಗುರಿನಷ್ಟೂ ಇರದು. ಫಲಕ ದೊಡ್ಡದಾದಷ್ಟೂ ಹೆಚ್ಚು ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಮಂದ ಬೆಳಕಿನಲ್ಲಿ ಮೊಬೈಲಿನ ಚಿತ್ರವು ಕಲಸಿದಂತೆ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ಫಲಕ ದೊಡ್ಡದಾದಂತೆ ಲೆನ್ಸಿನ ಗಾತ್ರವೂ ಬೆಲೆಯೂ ಹೆಚ್ಚುತ್ತವೆ. ಮೊದಲ ಕ್ಯಾಮರಾಕ್ಕೆ ನಡುವಣ ಫಲಕವು ಧಾರಾಳವಾಗಿ ಸಾಕು.

ಎರಡನೆಯ ಅಂಗ ಲೆನ್ಸು. ಅದರ ಮೇಲೆ ಬರೆದಿರುವ ಮಿಲಿಮೀಟರಿನ ಸಂಖ್ಯೆಯು ಅದರ ಸಂಗಮದೂರ. ನಡುವಣ ಫಲಕದ ಕ್ಯಾಮರಾದಲ್ಲಿ ೧೮ ಮಿಲಿಮೀಟರಿನ ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು ೭೬ ಡಿಗ್ರಿಯಷ್ಟು ಅಗಲವನ್ನು ನೋಡುತ್ತದೆ. ೩೦೦ರ ಲೆನ್ಸು ಐದು ಡಿಗ್ರಿಗಿಂತ ಕೊಂಚ ಹೆಚ್ಚಿನ ಸಂದಿಯನ್ನು ಮಾತ್ರ ನೋಡುತ್ತದೆ. ಇನ್ನೊಂದು ಸಂಖ್ಯೆಯು ಬೆಳಕಿನ ಕಿಂಡಿಯದು. ಎಫ್ ೧.೮, ಎಫ್ ೫.೬ ಎಂದು ಅದನ್ನು ಬರೆಯುವರು. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಇಷ್ಟು ಪಾಠವನ್ನು ಹೇಳಿ ಹುಡುಗನನ್ನು ಕರೆದುಕೊಂಡು ಹೊರಟೆನು.

ಮೊದಲನೆಯ ಭಾನುವಾರ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಮೈಸೂರು ಸಂಸ್ಥಾನದವರು ಕಾವೇರಿಯ ಈ ನಡುಗಡ್ಡೆಗಳನ್ನು ಪಕ್ಷಿಧಾಮವೆಂದು ಸಾರಿದರು. ೨೦೨೨ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಹುಡುಗನ ಪಟ್ಟಿಯ ಉದ್ದದ ಲೆನ್ಸು ಈ ಸ್ಥಳಕ್ಕಾಗಿಯೇ ಇದ್ದಿತು. ನನ್ನಲ್ಲಿದ್ದ ೭೦ರಿಂದ ೩೦೦ರವರೆಗಿನ ಲೆನ್ಸನ್ನು ಹಾಕಿಕೊಟ್ಟೆನು. ದೋಣಿ ಹೊರಟಿತು. ಬಣ್ಣದ ಕೊಕ್ಕರೆಗಳು ಮರದ ನೆತ್ತಿಯಲ್ಲಿ ಗೂಡಿಗೆ ಕಡ್ಡಿಯನ್ನು ಸಾಗಿಸುತ್ತಿದ್ದವು. ಬಂಡೆಯ ಮೇಲೆ ಮೊಸಳೆಯೊಂದು ಬಾಯ್ದೆರೆದು ಬಿದ್ದಿದ್ದಿತು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಬಣ್ಣದ ಕೊಕ್ಕರೆಯ ಎತ್ತರ ಸುಮಾರು ಒಂದು ಮೀಟರು. ಅದು ನಮ್ಮಿಂದ ೩೦ ಮೀಟರು ದೂರದಲ್ಲಿ ನಿಂತಿದ್ದರೆ ೩೦೦ರ ಲೆನ್ಸು ಫಲಕದ ಮೇಲೆ ಅದರ ಬಿಂಬವನ್ನು ೧೦ ಮಿಲಿಮೀಟರು ಎತ್ತರಕ್ಕೆ ಮೂಡಿಸುತ್ತದೆ. ಫಲಕದ ಎತ್ತರ ೧೫.೬, ಅಂದಮೇಲೆ ಚೌಕಟ್ಟಿನ ಮೂರರಲ್ಲಿ ಎರಡು ಪಾಲು ಹಕ್ಕಿಯೇ ತುಂಬುವುದು. ೫೫ರ ಲೆನ್ಸಿನಲ್ಲಿ ಅದೇ ಬಿಂಬವು ಎರಡು ಮಿಲಿಮೀಟರಿಗೂ ಕಡಮೆ. ಹಕ್ಕಿಯ ಬದಲು ಮರದ ಚಿತ್ರ ಬಂದಂತೆ. ಆದ್ದರಿಂದ ಹಕ್ಕಿಗಳನ್ನೇ ನೆಚ್ಚಿದವನಿಗೆ ಉದ್ದದ ಲೆನ್ಸು ಆಡಂಬರವಲ್ಲ, ಅವಶ್ಯಕತೆ. ರಂಗನತಿಟ್ಟಿನಲ್ಲಿ ೩೦೦ರಿಂದಲೇ ಬೇಕಾದಷ್ಟು ಕೆಲಸವಾಗುವುದು. ಮೊಳದುದ್ದದ ೬೦೦ ಬೇಕೆಂದಿಲ್ಲ.

ಆದರೆ ಆ ದಿನ ಹುಡುಗನ ಚಿತ್ರಗಳಲ್ಲಿ ಹೆಚ್ಚಿನವು ಅಲುಗಿಹೋಗಿದ್ದವು. ಲೆನ್ಸು ಹಕ್ಕಿಯನ್ನು ಹಿಗ್ಗಿಸುವಂತೆಯೇ ಕೈಯ ನಡುಕವನ್ನೂ ದೋಣಿಯ ತೂಗಾಟವನ್ನೂ ಹಿಗ್ಗಿಸುತ್ತದೆ. ಶಟರಿನ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಏರಿಸಿದ ಮೇಲೆ ನಾಲ್ಕಾರು ಚಿತ್ರಗಳು ನಿಂತವು. ಹಾರುವ ರೀವಕ್ಕಿಯು ಚೌಕಟ್ಟಿಗೆ ಸಿಕ್ಕಲೇ ಇಲ್ಲ. "ದೋಣಿಯನ್ನು ಗೂಡಿನ ಹತ್ತಿರಕ್ಕೆ ಬಿಡಿ ಎಂದು ಕೇಳಲೆ?" ಎಂದನು. ಕೂಡದೆಂದೆನು. ಹತ್ತಿರ ಹೋದರೆ ತಾಯಿಹಕ್ಕಿ ಏಳುವುದು. ಅದು ಎದ್ದಾಗ ಮರಿಗೆ ಬಿಸಿಲೂ ಕಾಗೆ ಹದ್ದುಗಳ ಭಯವೂ ಉಂಟು. ಚಿತ್ರವು ಮರಿಯ ಪ್ರಾಣಕ್ಕಿಂತ ದೊಡ್ಡದಲ್ಲ. ಪೂರ್ಣಚಂದ್ರ ತೇಜಸ್ವಿಯವರೂ ಸಂಡೂರಿನ ಎಂ. ವೈ. ಘೋರ್ಪಡೆಯವರೂ ಫಿಲ್ಮಿನ ಕಾಲದಲ್ಲಿ ಕಾಡಿನ ಜೀವಿಗಳ ಚಿತ್ರಗಳನ್ನು ತೆಗೆದವರು. ಒಂದು ಸುರುಳಿಗೆ ೩೬ ಚಿತ್ರಗಳು. ತೆಗೆದದ್ದು ಹೇಗೆ ಬಂದಿದೆಯೆಂಬುದು ಫಿಲ್ಮನ್ನು ತೊಳೆದ ಮೇಲೆಯೇ ತಿಳಿಯುವುದು. ಅವರ ಚಿತ್ರಗಳ ಹಿಂದೆ ಇದ್ದ ದೊಡ್ಡ ಸಲಕರಣೆ ಕಾಯುವ ಶಕ್ತಿ. ಅದನ್ನು ಕಂತಿನಲ್ಲಿ ತರುವ ಹಾಗಿಲ್ಲ.

ಎರಡನೆಯ ಭಾನುವಾರ ಪಾಂಡವಪುರದ ಕಡೆಗೆ ಹೋದೆವು. ಬೆಳಗಿನ ಹೊತ್ತು ಕುಂತಿಬೆಟ್ಟದ ಬುಡದಲ್ಲಿ ನಿಂತು ಬಂಡೆಗಳನ್ನೂ ಕೆಳಗಿನ ಗದ್ದೆಗಳನ್ನೂ ಒಂದೇ ಚೌಕಟ್ಟಿಗೆ ತರಲು ೧೮ರಿಂದ ೫೫ರವರೆಗಿನ ಸಾಧಾರಣ ಲೆನ್ಸು ಸಾಕಾಯಿತು. ಕ್ಯಾಮರಾದೊಡನೆ ಕೊಡುವ ಈ ಅಗ್ಗದ ಲೆನ್ಸನ್ನು ಅನೇಕರು ಹಳಿಯುವರು. ಅದು ಅನ್ಯಾಯ. ಒಳ್ಳೆಯ ಬೆಳಕಿನಲ್ಲಿ ಎಫ್ ೮ರಷ್ಟು ಕಿಂಡಿಯಿಟ್ಟು ತೆಗೆದರೆ ಗೋಡೆಗೆ ಹಾಕುವ ಚಿತ್ರಕ್ಕೆ ಬೇಕಾದ ಸ್ಫುಟತೆ ಅದರಲ್ಲಿ ಉಂಟು.

ಅದರ ದೌರ್ಬಲ್ಯವು ಸಂಜೆಗೆ ಮೇಲುಕೋಟೆಯಲ್ಲಿ ತಿಳಿಯಿತು. ಸೂರ್ಯ ಮುಳುಗಿದ ಮೇಲೆ ಬೀದಿಯ ದೀಪದಲ್ಲಿ ಹೂ ಕಟ್ಟುತ್ತಿದ್ದ ಮುದುಕಿಯೊಬ್ಬಳ ಚಿತ್ರವನ್ನು, ಅವಳ ಅನುಮತಿ ಪಡೆದು, ಹುಡುಗನು ತೆಗೆದನು. ಆ ಲೆನ್ಸಿನ ಅತಿ ದೊಡ್ಡ ಕಿಂಡಿ ೫೫ರಲ್ಲಿ ಎಫ್ ೫.೬. ಶಟರು ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತು ತೆರೆದಿರಬೇಕಾಯಿತು. ಮುದುಕಿಯ ಬೆರಳುಗಳು ಹೊಗೆಯಂತೆ ಕಲಸಿಹೋದವು. ಆಗ ಜೇಬಿನಿಂದ ೫೦ ಮಿಲಿಮೀಟರಿನ, ಎಫ್ ೧.೮ರ ಪುಟ್ಟ ಲೆನ್ಸನ್ನು ತೆಗೆದುಕೊಟ್ಟೆನು. ಅದರ ಕಿಂಡಿಯು ಫಲಕಕ್ಕೆ ಹಾಯಿಸುವ ಬೆಳಕು ಹಿಂದಿನದರ ಸುಮಾರು ಹತ್ತರಷ್ಟು. ಹತ್ತರಲ್ಲೊಂದು ಭಾಗವು ನೂರರಲ್ಲೊಂದಾಯಿತು. ಬೆರಳೂ ದಾರವೂ ಮಲ್ಲಿಗೆಯ ಮೊಗ್ಗೂ ಬೇರೆ ಬೇರೆಯಾಗಿ ಕಂಡವು. ಲೆನ್ಸಿನೊಳಗೆ ನಡುಕವನ್ನು ತಡೆಯುವ ವ್ಯವಸ್ಥೆಯಿದ್ದರೂ ಅದು ನಮ್ಮ ಕೈಯ ನಡುಕವನ್ನಷ್ಟೇ ತಡೆಯುವುದು, ಎದುರಿನವರ ಚಲನೆಯನ್ನಲ್ಲ. ಫಾಲ್ಗುಣದಲ್ಲಿ ವೈರಮುಡಿಯ ಉತ್ಸವ ನಡೆಯುವುದು ರಾತ್ರಿಯ ಹೊತ್ತಿನಲ್ಲಿ. ಆ ಜನಸಂದಣಿಯಲ್ಲಿ ಮುಕ್ಕಾಲಿ ಹೂಡುವುದಕ್ಕೆ ಆಸ್ಪದವಿಲ್ಲ. ದೊಡ್ಡ ಕಿಂಡಿಯ ಚಿಕ್ಕ ಲೆನ್ಸೇ ಗತಿ. ದೊಡ್ಡ ಕಂಪನಿಗಳ ಲೆನ್ಸುಗಳಲ್ಲಿ ೫೦ರ ಈ ಲೆನ್ಸು ಅತ್ಯಂತ ಅಗ್ಗವಾದವುಗಳಲ್ಲಿ ಒಂದು ಎಂಬುದು ನಮ್ಮಂತಹ ಸಂಸಾರಸ್ಥರ ಭಾಗ್ಯ.

ಮೂರನೆಯ ಭಾನುವಾರ ಕೃಷ್ಣರಾಜಪೇಟೆಗೆ ಸಮೀಪದ ಹೊಸಹೊಳಲು. ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯವು ಹೊಯ್ಸಳ ಸೋಮೇಶ್ವರನ ಕಾಲದ್ದು. ಸುಮಾರು ೧೨೫೦ರಲ್ಲಿ ಕಟ್ಟಿದ್ದು. ಜಗತಿಯ ಮೇಲೆ ನಿಂತು ಸುತ್ತಿದರೆ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ, ಹೀಗೆ ಸಾಲಿನ ಮೇಲೆ ಸಾಲು. ನಾವು ಮುಟ್ಟಿದಾಗ ನಡುಮಧ್ಯಾಹ್ನವಾಗಿದ್ದಿತು. ಹುಡುಗನು ಐವತ್ತು ಚಿತ್ರಗಳನ್ನು ತೆಗೆದನು, ಒಂದರಲ್ಲಿಯೂ ಜೀವವಿರಲಿಲ್ಲ. "ಈ ಲೆನ್ಸೇ ಮಂಕು, ಮಾವ" ಎಂದು ದೂರಿದನು. "ಸಂಜೆಯವರೆಗೆ ಇದೇ ಲೆನ್ಸು ಇರಲಿ" ಎಂದೆನು.

ಊಟ ಮುಗಿಸಿ ನಾಲ್ಕೂವರೆಗೆ ಮತ್ತೆ ಹೋದೆವು. ಬಿಸಿಲು ಪಡುವಲಿನಿಂದ ಓರೆಯಾಗಿ ಇಳಿದು ದಕ್ಷಿಣದ ಗೋಡೆಯನ್ನು ಸವರಿಕೊಂಡು ಹೋಗುತ್ತಿದ್ದಿತು. ಪ್ರತಿಯೊಂದು ಆನೆಯ ಪಕ್ಕದಲ್ಲಿಯೂ ಅದರ ನೆರಳು ನಿಂತಿದ್ದಿತು. ಬಳಪದ ಕಲ್ಲಿನಲ್ಲಿ ಕೊರೆದ ಸರದ ಮಣಿಗಳನ್ನು ಎಣಿಸಬಹುದಾಗಿದ್ದಿತು. ಲೆನ್ಸು ಅದೇ, ಕ್ಯಾಮರಾ ಅದೇ, ಬದಲಾದುದು ಬೆಳಕು. ಉಬ್ಬುಶಿಲ್ಪಕ್ಕೆ ಎದುರಿನ ಬೆಳಕು ಶತ್ರು, ಓರೆಯ ಬೆಳಕು ಮಿತ್ರ. ನಮ್ಮ ಸೀಮೆಯಲ್ಲಿ ಇನ್ನೊಂದು ವಿಶೇಷವುಂಟು. ಸೆಪ್ಟೆಂಬರಿನ ಕೊನೆಯಿಂದ ಮಾರ್ಚಿಯವರೆಗೆ ಸೂರ್ಯನು ಹಗಲೆಲ್ಲ ದಕ್ಷಿಣದಲ್ಲಿಯೇ ಸಾಗುವುದರಿಂದ ಗುಡಿಯ ಉತ್ತರದ ಗೋಡೆಗೆ ಬಿಸಿಲು ತಾಗದು. ಮಾರ್ಚಿಯ ಕೊನೆಯಿಂದ ಸೆಪ್ಟೆಂಬರಿನವರೆಗೆ ಬೆಳಗ್ಗೆಯೂ ಸಂಜೆಯೂ ಅಲ್ಲಿ ಓರೆಯ ಬಿಸಿಲು ಹಾಯುವುದು. ಆದ್ದರಿಂದ ಒಂದು ಗುಡಿಯನ್ನು ತೆಗೆದು ಮುಗಿಸಲು ಎರಡು ಋತುಗಳು ಬೇಕು. ಹೊಸ ಕ್ಯಾಮರಾ ಈ ಅವಧಿಯನ್ನು ಕಡಮೆ ಮಾಡಲಾರದು.

೧೮೫೪ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ಹಳೇಬೀಡು ಬೇಲೂರುಗಳ ಗುಡಿಗಳ ಚಿತ್ರಗಳನ್ನು ತೆಗೆದನು. ಮರದ ದೊಡ್ಡ ಕ್ಯಾಮರಾ, ಮೇಣ ಸವರಿದ ಕಾಗದದ ನೆಗೆಟಿವು, ಇಷ್ಟೇ ಅವನ ಸಲಕರಣೆ. ಅವುಗಳನ್ನು ಇಂದಿಗೂ ಜನರು ಮೆಚ್ಚಿ ನೋಡುತ್ತಾರೆ. ಈ ಮಾತನ್ನು ಹೇಳಿದಾಗ ಹುಡುಗನು ಪಟ್ಟಿಯನ್ನು ಜೇಬಿನೊಳಕ್ಕೆ ಇನ್ನಷ್ಟು ಆಳವಾಗಿ ತಳ್ಳಿದನು.

ಪ್ರಸಕ್ತವಾದ ಇನ್ನೊಂದು ಮಾತು. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ಹೂಡಬೇಕಾದರೆ ಮೊದಲೇ ಅನುಮತಿ ಪಡೆಯತಕ್ಕದ್ದು. ಪೂಜೆ ನಡೆಯುವ ಗುಡಿಯಲ್ಲಿ ಗರ್ಭಗುಡಿಯ ಕಡೆಗೆ ಕ್ಯಾಮರಾ ಎತ್ತುವ ಮುನ್ನ ಅರ್ಚಕರನ್ನು ಕೇಳತಕ್ಕದ್ದು. ಆದ್ದರಿಂದ ಮುಕ್ಕಾಲಿಯನ್ನು ಮೊದಲ ದಿನವೇ ಕೊಳ್ಳಬೇಕಾಗಿಲ್ಲ.

ನಾಲ್ಕನೆಯ ಭಾನುವಾರ ನಾಗಮಂಗಲ. ಬೆಳಗ್ಗೆ ಸೌಮ್ಯಕೇಶವನ ಗುಡಿಯನ್ನೂ, ಅನಂತರ ಕಂಬದಹಳ್ಳಿಯ ಜೈನ ಬಸದಿಯನ್ನೂ ಅದರ ಎತ್ತರದ ಕಂಬವನ್ನೂ ನೋಡಿದೆವು. ಬುಡದಲ್ಲಿ ನಿಂತು ಕ್ಯಾಮರಾವನ್ನು ಮೇಲಕ್ಕೆ ಓರೆ ಮಾಡಿದಾಗ ಕಂಬವು ಹಿಂದಕ್ಕೆ ಬೀಳುವಂತೆ ಕಂಡಿತು. ಹಿಂದೆ ಸರಿದು, ಕ್ಯಾಮರಾವನ್ನು ನೆಟ್ಟಗೆ ಹಿಡಿದು ತೆಗೆದಾಗ ಕಂಬ ನೆಟ್ಟಗಾಯಿತು. ಇಲ್ಲಿ ಬೇಕಾದುದು ಹೊಸ ಲೆನ್ಸಲ್ಲ, ಮೂವತ್ತು ಹೆಜ್ಜೆಯ ನಡಿಗೆ.

ಮಧ್ಯಾಹ್ನ ತಂಗಿಯ ಮನೆಗೆ ಬಂದೆವು. ಅವಳು ಬಾಗಿಲ ಬಳಿ ಕುಳಿತು ಮೊರದಲ್ಲಿ ಅಕ್ಕಿಯನ್ನು ಆರಿಸುತ್ತಿದ್ದಳು. ಹೊರಗಿನ ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಿದ್ದಿತು. ಹುಡುಗನು ಸದ್ದಿಲ್ಲದೆ ೫೦ರ ಲೆನ್ಸನ್ನು ಹಾಕಿಕೊಂಡನು.

"ಅಯ್ಯೋ, ನನ್ನದು ಯಾಕಪ್ಪ? ಸೀರೆ ಹಳೆಯದು" ಎಂದಳು.

"ನೀನು ಅಕ್ಕಿ ಆರಿಸಮ್ಮ" ಎಂದನು.

ಆ ರಾತ್ರಿ ನಾಲ್ಕು ವಾರಗಳ ಚಿತ್ರಗಳನ್ನು ಗಣಕಯಂತ್ರಕ್ಕೆ ಹಾಕಿ ನೋಡಿದೆವು. ಪ್ರತಿಯೊಂದು ಚಿತ್ರವನ್ನೂ ಎಷ್ಟು ಮಿಲಿಮೀಟರಿನಲ್ಲಿ ತೆಗೆಯಲಾಯಿತೆಂಬುದನ್ನು ಕ್ಯಾಮರಾವೇ ಬರೆದಿಟ್ಟಿರುತ್ತದೆ. ಅವನು ಇಟ್ಟುಕೊಳ್ಳಲು ಯೋಗ್ಯವೆಂದು ಆರಿಸಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ೩೫ರಿಂದ ೫೫ರ ಒಳಗಿನವು. ಅವುಗಳಲ್ಲಿ ಹೆಚ್ಚಿನವು ಮನುಷ್ಯರ ಚಿತ್ರಗಳು. ಹಕ್ಕಿಯ ಚಿತ್ರಗಳು ಮೂರು. ತಾನು ಹಕ್ಕಿಗಳ ಛಾಯಾಗ್ರಾಹಕನೆಂದು ಬಗೆದಿದ್ದವನ ಕಣ್ಣು ಮನುಷ್ಯರ ಮುಖದಲ್ಲಿ ನೆಟ್ಟಿದ್ದಿತೆಂಬುದು ಅವನಿಗೆ ಆಗ ತಿಳಿಯಿತು. ಕ್ಯಾಮರಾ ಇಲ್ಲದವರು ಮೊಬೈಲಿನಲ್ಲಿಯೇ ಒಂದು ತಿಂಗಳು ಚಿತ್ರಗಳನ್ನು ತೆಗೆದು, ಹೆಚ್ಚಾಗಿ ತೆಗೆದದ್ದು ಯಾವುದು, ಮೊಬೈಲು ಸೋತದ್ದು ಎಲ್ಲಿ ಎಂದು ಬರೆದಿಟ್ಟುಕೊಂಡರೆ ಇದೇ ಫಲ ದೊರೆಯುವುದು. ದೂರ ಸಾಲದೆ ಸೋತಿದ್ದರೆ ಉದ್ದದ ಲೆನ್ಸು. ಬೆಳಕು ಸಾಲದೆ ಸೋತಿದ್ದರೆ ದೊಡ್ಡ ಕಿಂಡಿಯ ಲೆನ್ಸು. ಎಲ್ಲಿಯೂ ಸೋಲದಿದ್ದರೆ ಮೊಬೈಲೇ ಸಾಕು, ಹಣ ಉಳಿಯಿತು.

ಇನ್ನು ಕೊಳ್ಳುವ ವಿಷಯ. ಈಚಿನ ಹೊಸ ಕ್ಯಾಮರಾಗಳಲ್ಲಿ ಹೆಚ್ಚಿನವು ಮಿರರ್‌ಲೆಸ್ ಎಂಬ ಜಾತಿಯವು. ಒಳಗೆ ಕನ್ನಡಿಯಿಲ್ಲದ ಕಾರಣ ಒಡಲು ಚಿಕ್ಕದು. ಕಣ್ಣನ್ನು ಗುರುತಿಸಿ ತಾವಾಗಿಯೇ ಫೋಕಸ್ ಹಿಡಿಯುವ ಜಾಣತನವೂ ಅನೇಕವುಗಳಲ್ಲಿ ಉಂಟು. ಕನ್ನಡಿಯಿರುವ ಡಿ.ಎಸ್.ಎಲ್.ಆರ್. ಜಾತಿಯನ್ನು ಬಿಟ್ಟು ಜನರು ಇದರ ಕಡೆಗೆ ಹೊರಳಿದುದರಿಂದ ಹಳೆಯವು ಸೆಕೆಂಡ್ ಹ್ಯಾಂಡಿನಲ್ಲಿ ಸುಲಭವಾಗಿ ದೊರೆಯುತ್ತವೆ. ಬೆಳೆಯುವ ಇಚ್ಛೆಯುಳ್ಳವರು ಮಿರರ್‌ಲೆಸ್ ಅನ್ನು ಕೊಳ್ಳಲಿ. ಕೈ ಬಿಗಿಯಿರುವವರು ಹಳೆಯ ಡಿ.ಎಸ್.ಎಲ್.ಆರ್. ಕೊಂಡರೆ ಚಿತ್ರಕ್ಕೆ ಕೊರತೆಯೇನೂ ಬಾರದು. ಆದರೆ ಒಂದು ಕಂಪನಿಯ ಲೆನ್ಸು ಇನ್ನೊಂದರ ಬಾಡಿಗೆ ಸಾಮಾನ್ಯವಾಗಿ ನೇರವಾಗಿ ಕೂಡದು. ಒಂದೇ ಕಂಪನಿಯಲ್ಲಿಯೂ ಹಳೆಯ ಹೊಸ ಮೌಂಟುಗಳು ಬೇರೆ. ನಿಕಾನ್‌ನವರ ಎಫ್ ಮೌಂಟು ೧೯೫೯ರದು, ಜ಼ೆಡ್ ಮೌಂಟು ೨೦೧೮ರದು, ಕ್ಯಾನನ್‌ನವರ ಇ.ಎಫ್. ೧೯೮೭ರದು, ಆರ್.ಎಫ್. ೨೦೧೮ರದು. ನಡುವೆ ಅಡಾಪ್ಟರ್ ಇಟ್ಟು ಹಳೆಯ ಲೆನ್ಸನ್ನು ಹೊಸ ಬಾಡಿಗೆ ಹಾಕಬಹುದು. ಹೊಸದನ್ನು ಹಳೆಯದಕ್ಕೆ ಹಾಕಲಾಗದು. ಬಾಡಿಯು ಕೆಲವು ವರ್ಷಗಳಲ್ಲಿ ಹಳತಾಗುವುದು. ಒಳ್ಳೆಯ ಲೆನ್ಸು ಹಲವು ಬಾಡಿಗಳನ್ನು ಕಾಣುವುದು. ಹಣವನ್ನು ಹಂಚುವಾಗ ಲೆನ್ಸಿನ ಕಡೆಗೆ ಕೈ ಸ್ವಲ್ಪ ಸಡಿಲವಾಗಿರಲಿ.

ಸೆಕೆಂಡ್ ಹ್ಯಾಂಡ್ ಲೆನ್ಸನ್ನು ಕೊಳ್ಳುವಾಗ ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ನೋಡಿರಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಬೆಲೆ ಎಷ್ಟೇ ಕಡಮೆಯಿರಲಿ, ಬಿಟ್ಟುಬಿಡಿ. ಕಿಂಡಿಯನ್ನೂ ಫೋಕಸನ್ನೂ ನಿಮ್ಮ ಎದುರಿನಲ್ಲಿಯೇ ಪರೀಕ್ಷಿಸಿ. ಶಟರು ಎಷ್ಟು ಸಲ ಬಿದ್ದಿದೆಯೆಂದು ಕೇಳಿ ತಿಳಿಯಿರಿ. ಮನೆಗೆ ತಂದ ಮೇಲೆ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ. ಅಕ್ಕಿಯ ಡಬ್ಬಿಯಲ್ಲಿ ಹೂಳಿಡುವುದು ಸಲ್ಲದು. ಅಕ್ಕಿಯ ಹುಡಿಯು ಸಂದುಗಳಿಗೆ ಸೇರುವುದು. ಎಲ್ಲಕ್ಕಿಂತ ಮಿಗಿಲಾಗಿ, ತಿಂಗಳಿಗೊಮ್ಮೆಯಾದರೂ ಹೊರಕ್ಕೆ ತೆಗೆದು ಬಳಸಿ.

ಹುಡುಗನು ಕೊನೆಗೆ ಕೊಂಡದ್ದು ನಡುವಣ ಫಲಕದ ಒಂದು ಹಳೆಯ ಬಾಡಿ, ೧೮–೫೫ರ ಲೆನ್ಸು, ೫೦ರ ಎಫ್ ೧.೮ ಲೆನ್ಸು. ಚೀಟಿಯ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಅದನ್ನು ತಾಯಿಗೆ ಹಿಂದಕ್ಕೆ ಕೊಟ್ಟನು. ಗೋಡೆಯ ಕೆಲಸ ಮಳೆಗಾಲಕ್ಕೆ ಮುನ್ನ ಮುಗಿಯಿತು. ಹಕ್ಕಿಗಳ ಹಂಬಲ ಮರುಕಳಿಸಿದರೆ ಉದ್ದದ ಲೆನ್ಸನ್ನು ತನ್ನ ಸಂಬಳದಿಂದ ಕೊಳ್ಳುವೆನೆಂದಿದ್ದಾನೆ.

ಇಷ್ಟು ಖಚಿತವಾಗಿ ನಾನು ಬುದ್ಧಿ ಹೇಳುವುದಕ್ಕೆ ಕಾರಣವಿದೆ. ನನ್ನ ಮೊದಲ ಸಂಪಾದನೆಯಲ್ಲಿ ನಾನು ಕೊಂಡದ್ದು ಹಕ್ಕಿಗಳಿಗೆಂದು ಉದ್ದದ ಲೆನ್ಸನ್ನು. ಅದರಲ್ಲಿ ಮನೆಯೊಳಗಿನ ಮನುಷ್ಯರನ್ನು ತೆಗೆಯುವುದು ಸಾಧ್ಯವಿರಲಿಲ್ಲ. ತೆಗೆಯಬೇಕೆಂದು ನನಗೆ ತೋರಲೂ ಇಲ್ಲ. ಕೆಲವು ವರ್ಷಗಳಲ್ಲಿ ತಂದೆಯವರು ತೀರಿಕೊಂಡರು. ಹಾರ ಹಾಕಲು ಚಿತ್ರವನ್ನು ಹುಡುಕಿದಾಗ, ನೂರಾರು ಕೊಕ್ಕರೆಗಳ ನಡುವೆ ಅವರದೊಂದೂ ಇರಲಿಲ್ಲ. ಗುರುತಿನ ಚೀಟಿಯ ಪುಟ್ಟ ಚಿತ್ರವನ್ನು ದೊಡ್ಡದು ಮಾಡಿಸಿ ತೂಗುಹಾಕಿದೆವು. ಅದರಲ್ಲಿ ಅವರ ಕಣ್ಣುಗಳು ಸ್ಪಷ್ಟವಾಗಿಲ್ಲ.

ಮೊದಲ ಕ್ಯಾಮರಾವನ್ನು ಕೊಳ್ಳಲಿರುವ ವಾಚಕರು ಈ ಸಂಜೆ ಒಂದು ಸಲ ತಮ್ಮ ಮನೆಯ ಬಾಗಿಲ ಕಡೆ ನೋಡಲಿ. ಅಲ್ಲಿ ಯಾರು ಕುಳಿತಿದ್ದಾರೆ, ಬೆಳಕು ಅವರ ಮೇಲೆ ಹೇಗೆ ಬಿದ್ದಿದೆ ಎಂಬುದನ್ನು ಗಮನಿಸಿ, ಆಮೇಲೆ ಅಂಗಡಿಗೆ ಹೋಗಲಿ.